ಮದ್ಯಮುಕ್ತರ ಬೆಂಬಲ ಸಭೆ: ಕೊಟ್ಟಿಗೆಹಾರ ಮತ್ತು ಕಾಫಿ ಮಲೆನಾಡು

ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಸೇರಿ ತಮ್ಮ ಅನುಭವ ಹೇಳಿಕೊಳ್ಳುವ ಕೂಟವೇ ಬೆಂಬಲ ಸಭೆ. ಇದು ಆಸ್ಪತ್ರೆಯ ಚಿಕಿತ್ಸೆಯಲ್ಲ, ನೀತಿಬೋಧೆಯೂ ಅಲ್ಲ. ಕುಡಿದು ಕಷ್ಟಪಟ್ಟವನ ಮಾತು ಕುಡಿಯುತ್ತಿರುವವನಿಗೆ ನಾಟುವಷ್ಟು ಬೇರೆ ಯಾರ ಮಾತೂ ನಾಟುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಅದು ನಿಂತಿದೆ. ಕರ್ನಾಟಕದಲ್ಲಿ ಇಂಥ ಸಭೆಗಳಿಗೆ ಎರಡು ಮುಖ್ಯ ಪರಂಪರೆಗಳಿವೆ. ಅಮೆರಿಕದಲ್ಲಿ ಹುಟ್ಟಿ ನಗರಗಳ ಮೂಲಕ ಬಂದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಒಂದು. ಧರ್ಮಸ್ಥಳದ ಆಸುಪಾಸಿನಲ್ಲಿ ಬೆಳೆದು ಹಳ್ಳಿಗಳಿಗೆ ಹಬ್ಬಿದ ಮದ್ಯವರ್ಜನ ಶಿಬಿರ ಮತ್ತು ಅದರ ಬೆನ್ನಿಗೆ ಬರುವ ನವಜೀವನ ಸಮಿತಿ ಇನ್ನೊಂದು. ಎಎಯಲ್ಲಿ ಬಂದವನ ಹೆಸರನ್ನು ಮುಚ್ಚಿಡುತ್ತಾರೆ; ನವಜೀವನ ಸಮಿತಿಯಲ್ಲಿ ಅದೇ ಹೆಸರನ್ನು ಊರ ಮುಂದೆ ಕೂಗಿ ಹಾರ ಹಾಕುತ್ತಾರೆ. ಕಾಫಿ ಮಲೆನಾಡಿನಲ್ಲಿ ಸಭೆ ಹುಡುಕಿ ಹೊರಟವನು ಯಾವ ದಾರಿ ಹಿಡಿಯುತ್ತಾನೆ ಎಂಬುದು ಬಹುಮಟ್ಟಿಗೆ ಈ ಒಂದು ವ್ಯತ್ಯಾಸವನ್ನೇ ಅವಲಂಬಿಸಿದೆ.

ಕೊಟ್ಟಿಗೆಹಾರ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲೂಕಿನಲ್ಲಿ ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿರುವ ಪುಟ್ಟ ಪೇಟೆ. ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಇದರ ಮೂಲಕ ಹಾಯುತ್ತದೆ. ಕಳಸ, ಹೊರನಾಡಿನ ರಸ್ತೆ ಇಲ್ಲಿ ಕವಲೊಡೆಯುತ್ತದೆ. ನೀರುದೋಸೆಯ ಹೋಟೆಲುಗಳಿಗೂ, ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನಕ್ಕೂ ಹೊರಗಿನವರು ಇದನ್ನು ಬಲ್ಲರು. ಪೂರ್ವಕ್ಕೆ ಹೋದರೆ ಬಣಕಲ್, ಮೂಡಿಗೆರೆ. ಘಾಟಿ ಇಳಿದರೆ ಉಜಿರೆ, ಬೆಳ್ತಂಗಡಿ, ಧರ್ಮಸ್ಥಳ. ಹೀಗಾಗಿ ಶಿಬಿರ ಚಳವಳಿಯ ತವರಿಗೂ ತೋಟಗಳ ಸೀಮೆಗೂ ನಡುವಿನ ಹೊಸ್ತಿಲಿನಲ್ಲಿ ಈ ಊರು ಕೂತಿದೆ.

ತೋಟ ಮತ್ತು ಕುಡಿತ

ಮಲೆನಾಡಿನ ಕುಡಿತಕ್ಕೆ ಮಳೆ, ಚಳಿ ಕಾರಣ ಎಂಬುದು ಕುಡಿಯುವವರು ಹೇಳಿಕೊಂಡು ಬಂದ ಸಮಜಾಯಿಷಿ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಹೆಚ್ಚಿನ ಸತ್ಯ ಇರುವುದು ತೋಟದ ಜೀವನಕ್ರಮದಲ್ಲಿ. ಕೂಲಿಗಳು ವಾಸಿಸುವ ಲೈನ್ ಮನೆಗಳು ಪೇಟೆಯಿಂದ ದೂರ. ಕೂಲಿ ವಾರಕ್ಕೊಮ್ಮೆ ಬಟವಾಡೆಯ ದಿನ ಒಟ್ಟಿಗೆ ಕೈಸೇರುತ್ತದೆ. ಸಂತೆಗೆ ಹೋದವನು ದಿನಸಿಯೊಂದಿಗೆ ಬಾಟಲಿಯನ್ನೂ ತರುತ್ತಾನೆ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರ್ ಹೊತ್ತಿಗೆ ಅರೇಬಿಕಾ ಶುರುವಾಗಿ ಫೆಬ್ರವರಿಯ ಆಚೆಗೆ ರೋಬಸ್ಟಾ ಮುಗಿಯುವವರೆಗೆ, ಕೈಯಲ್ಲಿ ಕಾಸು ಓಡಾಡುತ್ತದೆ. ಜೂನ್ ನಂತರ ಮಳೆ ಹಿಡಿದಾಗ ಕೆಲಸವೂ ಕಡಿಮೆ, ಹೊರಗೆ ಹೋಗುವ ದಾರಿಯೂ ಕಡಿಮೆ.

ಬಗನಿ ಮರದ ಕಳ್ಳು, ಕದ್ದು ಕಾಯಿಸಿದ ಕಳ್ಳಭಟ್ಟಿ, ಪ್ಯಾಕೆಟ್ ಸಾರಾಯಿ ಇವೆಲ್ಲ ಹಿಂದೆ ಇಲ್ಲಿ ಸಾಮಾನ್ಯವಾಗಿದ್ದವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮಿಗೆ ತಿರುಗಿತು. ಇಂದು ಕೂಲಿಯವನ ಲೆಕ್ಕ ನೈಂಟಿ ಮತ್ತು ಕ್ವಾಟರಿನದು. ಪರವಾನಗಿ ಇಲ್ಲದ ಗೂಡಂಗಡಿಗಳಲ್ಲಿ ಮದ್ಯ ಸಿಗುವುದರ ವಿರುದ್ಧ ರಾಜ್ಯದ ಹಳ್ಳಿ ಹೆಂಗಸರು ಮತ್ತೆ ಮತ್ತೆ ದನಿಯೆತ್ತಿದ್ದಾರೆ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದದ್ದು ಇದರಲ್ಲಿ ಹೆಚ್ಚು ಸುದ್ದಿಯಾದ ಘಟನೆ.

ತೋಟದ ಕುಡಿತಕ್ಕೆ ಎರಡು ಅಂತಸ್ತುಗಳಿವೆ ಎಂಬುದನ್ನೂ ಇಲ್ಲಿ ಹೇಳಬೇಕು. ಕ್ಲಬ್ಬಿನಲ್ಲಿ ಕೂತು ಕುಡಿಯುವ ಸಾಹುಕಾರರನ್ನು ಯಾರೂ ಕುಡುಕರೆನ್ನುವುದಿಲ್ಲ. ಲೈನಿಗೆ ತೂರಾಡುತ್ತ ಬರುವ ಆಳು ಮಾತ್ರ ಕುಡುಕ. ಈ ಭೇದ ಚೇತರಿಕೆಯ ದಾರಿಯಲ್ಲೂ ಮುಂದುವರಿಯುತ್ತದೆ. ಶಿಬಿರದ ಚಾಪೆಯ ಮೇಲೆ ಕಾಣುವವರು ಹೆಚ್ಚಾಗಿ ಕೂಲಿಗಳು, ಸಣ್ಣ ಬೆಳೆಗಾರರು, ಚಾಲಕರು. ಅನುಕೂಲಸ್ಥರು ಸದ್ದಿಲ್ಲದೆ ಮಂಗಳೂರು ಅಥವಾ ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರುತ್ತಾರೆ, ನೆರೆಹೊರೆಯವರು ಕೇಳಿದರೆ ‘ಸಕ್ಕರೆ ಕಾಯಿಲೆಗೆ ತೋರಿಸಲು ಹೋಗಿದ್ದೆ’ ಎನ್ನುತ್ತಾರೆ.

ಹೆಸರು ಮರೆಮಾಡಿದ ಸಭೆ

ಎಎ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಏಕ್ರನ್ ಪಟ್ಟಣದಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ಡಬ್ಲ್ಯೂ. ವ್ಯಾಪಾರದ ಕೆಲಸಕ್ಕೆ ಆ ಊರಿಗೆ ಬಂದಿದ್ದಾಗ ಕುಡಿಯುವ ಚಪಲ ಮರುಕಳಿಸಿತು. ಬಾರಿಗೆ ಹೋಗುವ ಬದಲು ಅವನು ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋದ. ಸಿಕ್ಕಿದವನು ಡಾಕ್ಟರ್ ಬಾಬ್ ಎಂಬ ಶಸ್ತ್ರಚಿಕಿತ್ಸಕ. ಬಾಬ್ ಕೊನೆಯ ಬಾರಿ ಕುಡಿದ ಜೂನ್ 10ನ್ನು ಸಂಘದ ಸ್ಥಾಪನಾ ದಿನವೆಂದು ಎಣಿಸುತ್ತಾರೆ. 1939ರಲ್ಲಿ ಅವರ ಮೂಲ ಗ್ರಂಥ ಬಂತು. ಅದರಲ್ಲಿ ಹನ್ನೆರಡು ಹೆಜ್ಜೆಗಳಿವೆ. ಸಂಘ ಹೇಗೆ ನಡೆಯಬೇಕೆಂದು ಹೇಳುವ ಹನ್ನೆರಡು ಸಂಪ್ರದಾಯಗಳನ್ನು 1950ರಲ್ಲಿ ಅಂಗೀಕರಿಸಲಾಯಿತು. ಕುಡಿತ ನಿಲ್ಲಿಸುವ ಆಸೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಹೊರಗಿನವರ ದೇಣಿಗೆ ಪಡೆಯಬಾರದು. ಪತ್ರಿಕೆ, ರೇಡಿಯೋ ಮುಂತಾದೆಡೆ ಸದಸ್ಯರ ಹೆಸರು ಬರಬಾರದು. ಮದ್ಯನಿಷೇಧದಂಥ ಹೊರಗಿನ ವಿಚಾರಗಳಲ್ಲಿ ಸಂಘ ಅಭಿಪ್ರಾಯ ಹೇಳಬಾರದು ಎಂಬವು ಅವುಗಳಲ್ಲಿ ಕೆಲವು.

ಈ ಎಚ್ಚರಗಳಿಗೆ ಹಿಂದಿನ ಒಂದು ಅನುಭವವೂ ಕಾರಣ. 1840ರಲ್ಲಿ ಬಾಲ್ಟಿಮೋರಿನ ಹೆಂಡದಂಗಡಿಯಲ್ಲಿ ಕೂತಿದ್ದ ಆರು ಮಂದಿ ಗೆಳೆಯರು ಕುಡಿತ ಬಿಡುವ ಪ್ರತಿಜ್ಞೆ ಮಾಡಿ ಕಟ್ಟಿದ ವಾಷಿಂಗ್ಟೋನಿಯನ್ ಚಳವಳಿ ಬಯಲುಸಭೆ, ಮೆರವಣಿಗೆ, ಬಹಿರಂಗ ಪ್ರತಿಜ್ಞೆಗಳ ಮೂಲಕ ಲಕ್ಷಾಂತರ ಜನರನ್ನು ಸೆಳೆಯಿತು. ಕೆಲವೇ ವರ್ಷಗಳಲ್ಲಿ ಮದ್ಯನಿಷೇಧದ ರಾಜಕೀಯ, ಭಾಷಣಕಾರರ ಪೈಪೋಟಿ ಇತ್ಯಾದಿಗಳಲ್ಲಿ ಸಿಲುಕಿ ಕರಗಿಹೋಯಿತು. ಎಎಯವರು ಇದನ್ನು ಓದಿಕೊಂಡು ಪ್ರಚಾರದಿಂದ ದೂರವಿರಲು ನಿಶ್ಚಯಿಸಿದರು.

ಭಾರತದಲ್ಲಿ ಎಎ ಬೇರೂರಿದ್ದು 1957ರಲ್ಲಿ, ಮುಂಬಯಿಯಲ್ಲಿ. ದೇಶದ ಸೇವಾ ಕಚೇರಿ ಈಗಲೂ ಅಲ್ಲೇ ಇದೆ. ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು, ಕನ್ನಡ ಸಭೆಗಳು ನಡೆಯುತ್ತವೆ, ಮಂಗಳೂರಿನಲ್ಲೂ ಗುಂಪುಗಳಿವೆ. ಬಹುಪಾಲು ಚರ್ಚಿನ ಆವರಣ, ಶಾಲಾ ಕೊಠಡಿ, ಆಸ್ಪತ್ರೆಯ ಒಂದು ಕೋಣೆ ಇವೇ ಸಭಾಸ್ಥಾನ. ಜಾಗ ಕೊಟ್ಟವರಿಗೂ ಸಂಘಕ್ಕೂ ಬಾಡಿಗೆಯ ಸಂಬಂಧವಷ್ಟೇ. ಚರ್ಚಿನಲ್ಲಿ ನಡೆಯುತ್ತದೆಂದು ಅದನ್ನು ಕ್ರೈಸ್ತರ ಸಭೆಯೆಂದು ತಿಳಿದು ಹಿಂಜರಿಯುವವರು ಇದ್ದಾರೆ. ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪವಿದೆ ನಿಜ, ಆದರೆ ಯಾವ ದೇವರು ಎಂಬುದನ್ನು ಬಂದವನಿಗೇ ಬಿಟ್ಟಿದ್ದಾರೆ.

ಶಿಬಿರ ಮತ್ತು ನವಜೀವನ ಸಮಿತಿ

ಕೊಟ್ಟಿಗೆಹಾರದಂಥ ಊರಿನಲ್ಲಿ ಹೆಸರು ಮರೆಮಾಡುವುದು ಹೇಗೆ? ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಯಾರ ಮನೆಗೆ ಹೊರಟಿದ್ದಾನೆಂಬುದು ಅವನಿಗಿಂತ ಮೊದಲು ಹೋಟೆಲಿನವರಿಗೆ ಗೊತ್ತಿರುತ್ತದೆ. ಅವನು ಕುಡಿಯುತ್ತಾನೆಂಬುದಂತೂ ಯಾವತ್ತೂ ಗುಟ್ಟಾಗಿರಲಿಲ್ಲ. ಕುಡಿಯುವುದನ್ನು ಊರೆಲ್ಲ ನೋಡಿದ ಮೇಲೆ ಬಿಡುವುದನ್ನು ಯಾಕೆ ಮರೆಯಲ್ಲಿ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವೆಂಬಂತೆ ಶಿಬಿರದ ಕ್ರಮ ರೂಪುಗೊಂಡಿದೆ.

ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮೊದಲ ಗುರಿ ಸಣ್ಣ ರೈತರ ಕೃಷಿ ಮತ್ತು ದುಡಿಮೆಯಾಗಿತ್ತು. ದುಡಿದ ಹಣ ಹೆಂಡಕ್ಕೆ ಹೋಗುತ್ತಿರುವಾಗ ಉಳಿತಾಯದ ಮಾತಿಗೆ ಅರ್ಥವಿಲ್ಲ ಎಂಬ ಅರಿವಿನಿಂದ ಮದ್ಯದ ವಿರುದ್ಧದ ಕೆಲಸ ಅದಕ್ಕೆ ಕೂಡಿಕೊಂಡಿತು. ಜನಜಾಗೃತಿ ವೇದಿಕೆ ಎಂಬ ಸಂಘಟನೆ ಇದಕ್ಕಾಗಿಯೇ ಬೆಳೆಯಿತು. ವೇದಿಕೆಯ ಮುಖ್ಯ ಕೆಲಸ ಮದ್ಯವರ್ಜನ ಶಿಬಿರ. ಜನರ ಬಾಯಲ್ಲಿ ಅದು ‘ಕ್ಯಾಂಪು’.

ಶಿಬಿರ ಸಾಮಾನ್ಯವಾಗಿ ಎಂಟು ದಿನಗಳದ್ದು. ಊರಿನ ಸಮುದಾಯ ಭವನ, ಕಲ್ಯಾಣ ಮಂಟಪ ಅಥವಾ ದೇವಸ್ಥಾನದ ಸಭಾಂಗಣದಲ್ಲಿ ನಡೆಯುತ್ತದೆ. ಅದಕ್ಕೆ ಊರಿನವರದೇ ವ್ಯವಸ್ಥಾಪನಾ ಸಮಿತಿ ಇರುತ್ತದೆ. ಅಕ್ಕಿ, ತೆಂಗಿನಕಾಯಿ, ತರಕಾರಿ, ಹಣ ಎಲ್ಲವನ್ನೂ ಸುತ್ತಲಿನವರಿಂದ ಕೂಡಿಸುತ್ತಾರೆ. ಶಿಬಿರಾಧಿಕಾರಿ, ಆರೋಗ್ಯ ಸಹಾಯಕರು ಯೋಜನೆಯ ಕಡೆಯಿಂದ ಬರುತ್ತಾರೆ. ಮೊದಲ ಎರಡು ಮೂರು ದಿನ ಶಿಬಿರಾರ್ಥಿಗಳ ಕೈ ನಡುಗುತ್ತಿರುತ್ತದೆ, ನಿದ್ದೆ ಇರುವುದಿಲ್ಲ, ಮನೆಗೆ ಹೋಗುತ್ತೇನೆಂಬ ಹಟ ಇರುತ್ತದೆ. ಆಮೇಲೆ ಊಟ ಸೇರತೊಡಗುತ್ತದೆ. ಯೋಗ, ಭಜನೆ, ವೈದ್ಯರ ಮಾತು, ಆಪ್ತಸಮಾಲೋಚನೆ, ಗುಂಪುಚರ್ಚೆಗಳು ದಿನವನ್ನು ತುಂಬುತ್ತವೆ. ಒಂದು ದಿನ ಹೆಂಡತಿ ಮಕ್ಕಳನ್ನು, ತಂದೆತಾಯಿಯರನ್ನು ಕರೆಸುತ್ತಾರೆ. ಕೊನೆಗೆ ಪ್ರತಿಜ್ಞೆ, ಸಮಾರೋಪ, ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ದರ್ಶನ. ಕೊಟ್ಟಿಗೆಹಾರದ ಕಡೆಯವನಿಗೆ ಇದು ಘಾಟಿ ಇಳಿಯುವಷ್ಟು ಹತ್ತಿರ. ಮಂಜುನಾಥನ ಹೆಸರಿನಲ್ಲಿ ಆಣೆ ಇಟ್ಟು ತಪ್ಪುವುದೆಂದರೆ ಸಾಧಾರಣ ಮಾತಲ್ಲ ಎಂಬ ಭಯಭಕ್ತಿ ಈ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ಶಿಬಿರದ ಬಲದಲ್ಲಿ ಅದರ ಪಾಲು ದೊಡ್ಡದು.

ಆದರೆ ಎಂಟು ದಿನದ ಕ್ಯಾಂಪಿನ ಪ್ರಭಾವ ಒಂಬತ್ತನೆಯ ದಿನ ಅದೇ ಲೈನು, ಅದೇ ಗೆಳೆಯರು, ಅದೇ ಸಂತೆಯ ಎದುರು ನಿಲ್ಲಬೇಕಾಗುತ್ತದೆ. ಇದಕ್ಕಾಗಿಯೇ ನವಜೀವನ ಸಮಿತಿ. ಶಿಬಿರ ಮುಗಿಸಿದವರು ನವಜೀವನ ಸದಸ್ಯರಾಗುತ್ತಾರೆ. ತಮ್ಮ ಊರಿನ ಸಮಿತಿಯಾಗಿ ಆಗಾಗ ಸೇರುತ್ತಾರೆ. ಒಬ್ಬೊಬ್ಬರೂ ಹೇಗಿದ್ದಾರೆಂದು ವಿಚಾರಿಸಿಕೊಳ್ಳುತ್ತಾರೆ. ಸಭೆಗೆ ಬಾರದವನ ಮನೆಗೆ ಇಬ್ಬರು ಹೋಗಿ ನೋಡಿಬರುವುದೂ ಉಂಟು. ನೂರು ದಿನ ಕುಡಿಯದೆ ಕಳೆದವರಿಗೆ ಶತದಿನೋತ್ಸವ ನಡೆಯುತ್ತದೆ. ಅಕ್ಟೋಬರ್ 2ರ ಹೊತ್ತಿಗೆ ನಡೆಯುವ ಗಾಂಧಿಸ್ಮೃತಿ ಕಾರ್ಯಕ್ರಮಗಳಲ್ಲಿ ವ್ಯಸನಮುಕ್ತರನ್ನು ಕುಟುಂಬ ಸಮೇತ ವೇದಿಕೆಗೆ ಕರೆದು ಗೌರವಿಸುತ್ತಾರೆ. ಸುದ್ದಿಗೆ ಬರುವುದು ಶಿಬಿರ. ಕೆಲಸ ಮಾಡುವುದು ಸಮಿತಿ. ಶಿಬಿರ ಎಷ್ಟು ಅದ್ದೂರಿಯಾಗಿ ನಡೆದಿದ್ದರೂ ಸಮಿತಿ ಸೊರಗಿದ ಊರಿನಲ್ಲಿ ಅದರ ಫಲ ಉಳಿಯುವುದು ಕಷ್ಟ.

ಊರನ್ನೇ ಸಾಕ್ಷಿಯಾಗಿಸುವ ಈ ಕ್ರಮಕ್ಕೆ ಬೇರೆಡೆಯೂ ಸಂಬಂಧಿಗಳಿದ್ದಾರೆ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಸಂಶೋಧನಾ ಪ್ರತಿಷ್ಠಾನ 1989ರಿಂದ ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿ ಹಳ್ಳಿಯವರ ನೆರವಿನಿಂದಲೇ ಚಿಕಿತ್ಸಾ ಶಿಬಿರಗಳನ್ನು ನಡೆಸಿ ಪ್ರಸಿದ್ಧವಾಯಿತು. ಜಪಾನಿನ ದಾನ್‌ಶುಕಾಯ್ ಸಂಘಗಳು ಎಎಯಿಂದಲೇ ಪ್ರೇರಣೆ ಪಡೆದರೂ ಅನಾಮಿಕತೆಯನ್ನು ಕೈಬಿಟ್ಟವು. ಅಲ್ಲಿ ಸದಸ್ಯರು ಹೆಸರು ಹೇಳುತ್ತಾರೆ, ಹೆಂಡತಿಯೊಂದಿಗೆ ಬಂದು ಕೂರುತ್ತಾರೆ. ಅವುಗಳ ರಾಷ್ಟ್ರೀಯ ಒಕ್ಕೂಟ 1963ರಲ್ಲಿ ರಚನೆಯಾಯಿತು. ಉತ್ತರ ಕರ್ನಾಟಕದಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಜೋಳಿಗೆಯಲ್ಲಿ ಪ್ರತಿಜ್ಞೆ ಇತ್ತು, ಊರಿನ ಸಾಕ್ಷಿ ಇತ್ತು. ವಾರವಾರ ಕೂಡುವ ಸಭೆ ಇರಲಿಲ್ಲ.

ಹಾರ ಹಾಕಿಸಿಕೊಳ್ಳುವುದಕ್ಕೆ ಬೆಲೆಯೂ ಇದೆ. ವೇದಿಕೆಯ ಮೇಲೆ ನಿಂತು ಬಿಟ್ಟೆನೆಂದವನು ನಾಲ್ಕು ತಿಂಗಳಿಗೆ ಮತ್ತೆ ಕುಡಿದರೆ ಅವನಿಗೆ ಮುಖ ತೋರಿಸಲು ಜಾಗವಿಲ್ಲ. ಎಎಯಲ್ಲಿ ಹಾಗೆ ಬಿದ್ದವನು ಮರುವಾರ ಬಂದು ಹಿಂದಿನ ಸಾಲಿನಲ್ಲಿ ಕೂತು ಮತ್ತೆ ಮೊದಲ ದಿನದಿಂದ ಎಣಿಸಬಹುದು. ಹಳ್ಳಿಯಲ್ಲಿ ಅವನಿಗೆ ‘ಕ್ಯಾಂಪಿಗೆ ಹೋಗಿ ಬಂದೂ ಕುಡಿದವನು’ ಎಂಬ ಎರಡನೆಯ ಹೆಸರು ಅಂಟುತ್ತದೆ. ಒಳ್ಳೆಯ ಸಮಿತಿಯನ್ನು ಗುರುತಿಸುವುದು ಇಲ್ಲೇ: ಬಿದ್ದವನು ತಲೆತಗ್ಗಿಸಿ ಬಂದಾಗ ಅಲ್ಲಿ ಕೂತವರು ಏನು ಹೇಳುತ್ತಾರೆ ಎಂಬುದರಲ್ಲಿ.

ಸಭೆಗೆ ಮೊದಲು ವೈದ್ಯರು

ಪ್ರತಿದಿನ ಹೆಚ್ಚು ಕುಡಿಯುವವನು ಯಾರದೋ ಮಾತು ಕೇಳಿ ಒಂದೇ ಸಲಕ್ಕೆ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಎರಡು ದಿನದೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಹಗಲು ರಾತ್ರಿಯ ಪರಿವೆ ತಪ್ಪುತ್ತದೆ, ಜ್ವರವೇರುತ್ತದೆ. ಈ ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ತೋಟಗಳ ಕಡೆ ಇದನ್ನು ದೆವ್ವದ ಕಾಟವೆಂದು ತಿಳಿದು ತಾಯತ ಕಟ್ಟಿಸಲು ಹೋದವರುಂಟು. ವೈದ್ಯರು ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧಗಳನ್ನು ಕ್ರಮವಾಗಿ ಇಳಿಸುತ್ತ ಕೊಟ್ಟು, ಬಿ1 ಜೀವಸತ್ವ ಸೇರಿಸಿ ಇದನ್ನು ದಾಟಿಸುತ್ತಾರೆ. ಹಿಂದೆ ಸೆಳೆತ ಬಂದವರು, ಬೆಳಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಿಲ್ಲದವರು, ಯಕೃತ್ತಿನ ಕಾಯಿಲೆಯವರು ಮೊದಲು ಆಸ್ಪತ್ರೆಗೆ, ಆಮೇಲೆ ಸಭೆಗೆ ಹೋಗಬೇಕು.

ಮೂಡಿಗೆರೆಯ ತಾಲೂಕು ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಾರಿಗಳು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಘಾಟಿಯ ಕೆಳಗೆ ಉಜಿರೆ ಸಮೀಪದ ಲಾಯಿಲದಲ್ಲಿ ಧರ್ಮಸ್ಥಳದ ವ್ಯಸನಮುಕ್ತಿ ಕೇಂದ್ರವಿದೆ; ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ರಾಜ್ಯಕ್ಕೇ ದೊಡ್ಡದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯವ್ಯಸನದಿಂದ ಬರುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿರುವುದರಿಂದ ಚಿಕಿತ್ಸಾ ಕೇಂದ್ರಗಳಿಗೆ ನೋಂದಣಿ ಬೇಕು. ಕೈಕಾಲು ಕಟ್ಟಿ ಕೂಡಿಹಾಕುವ ‘ರಿಹ್ಯಾಬ್’ ಕಾನೂನಿಗೆ ವಿರುದ್ಧ.

ಬಸ್‌ನಿಲ್ದಾಣದ ಗೋಡೆಗಳ ಮೇಲೆ ಕಾಣುವ ‘ಗೊತ್ತಿಲ್ಲದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳ ಬಗ್ಗೆ ಒಂದು ಮಾತು. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಅದು ಉಪಯುಕ್ತ ಔಷಧ. ಸಾರಿನಲ್ಲಿ ಬೆರೆಸಿ ಕೊಟ್ಟರೆ ಪ್ರಾಣಾಪಾಯ. ಹೆಂಡತಿಯ ಮೇಲಿನ ನಂಬಿಕೆ ಅದಕ್ಕಿಂತ ಮೊದಲೇ ಸಾಯುತ್ತದೆ.

ಸಭೆ ಹುಡುಕುವುದು, ಹೋಗುವುದು

ನವಜೀವನ ಸಮಿತಿಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಧರ್ಮಸ್ಥಳ ಯೋಜನೆಯ ಸ್ವಸಹಾಯ ಸಂಘಗಳು ಹಳ್ಳಿಹಳ್ಳಿಯಲ್ಲಿರುವುದರಿಂದ ಊರಿನ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ, ಹತ್ತಿರದ ಸಮಿತಿ ಯಾವುದು ಎಂದು ತಿಳಿಯುತ್ತದೆ. ಇನ್ನೂ ಸುಲಭದ ದಾರಿ ಊರಿನಲ್ಲಿ ಎಣ್ಣೆ ಬಿಟ್ಟವನೆಂದು ಹೆಸರಾದವನನ್ನು ಸಂಜೆ ಒಬ್ಬಂಟಿಯಾಗಿ ಕಂಡು ಮಾತಾಡುವುದು. ಎಎ ಸಭೆಯ ಸ್ಥಳ, ದಿನ, ಭಾಷೆಗಳನ್ನು ಸಂಘದ ಸೇವಾ ಕಚೇರಿಯಿಂದ ಫೋನಿನಲ್ಲಿ ತಿಳಿಯಬಹುದು. ಸಭೆಯ ಪಟ್ಟಿಗಳು ಹಳತಾಗುವುದುಂಟು. ಹೊರಡುವ ಮೊದಲು ಕರೆಮಾಡಿ ಖಚಿತಪಡಿಸಿಕೊಳ್ಳುವುದು ಮೇಲು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಯಾವುದೇ ಸಂಕಟಕ್ಕೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ 14416. ಎರಡಕ್ಕೂ ಶುಲ್ಕವಿಲ್ಲ.

ದೂರವೇ ದೊಡ್ಡ ತೊಡಕು. ಹೊಸಬನು ಮೊದಲ ತೊಂಬತ್ತು ದಿನದಲ್ಲಿ ತೊಂಬತ್ತು ಸಭೆಗೆ ಹೋಗಬೇಕೆಂಬ ಎಎಯ ರೂಢಿಯ ಮಾತು ಬೆಂಗಳೂರಿನವನಿಗೆ ಸಾಧ್ಯ. ಬಾಳೂರಿನ ಒಳಗಿನ ತೋಟದಲ್ಲಿ ಕೆಲಸ ಮಾಡುವವನಿಗೆ ಸಂಜೆಯ ಸಭೆ ಮುಗಿಯುವ ಹೊತ್ತಿಗೆ ವಾಪಸು ಬಸ್ಸಿರುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದರೆ, 2019ರ ಆಗಸ್ಟಿನಲ್ಲಿ ಆದಂತೆ, ಮಂಗಳೂರಿನ ಕಡೆಯ ನಂಟೇ ಕಡಿಯುತ್ತದೆ. ಇಂಥಲ್ಲಿ ಹಗಲು ಹೊತ್ತಿನ, ಭಾನುವಾರದ ಸಭೆಗಳೇ ಗತಿ. ಕೊರೋನಾ ಕಾಲದಿಂದ ಹೆಚ್ಚಿದ ಆನ್‌ಲೈನ್ ಸಭೆಗಳು ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಮೊಬೈಲ್ ಹಿಡಿದು ನಿಲ್ಲಬಲ್ಲವರಿಗೆ ಉಪಕಾರಿ. ಕೊಯ್ಲಿನ ಹೊತ್ತಿನಲ್ಲಿ ಎಂಟು ದಿನದ ರಜೆ ಕೇಳಿದರೆ ಸಿಗುವುದಿಲ್ಲ. ಶಿಬಿರಕ್ಕೆ ಹೋಗಬೇಕೆಂದಿರುವವರು ತೋಟದ ಲೆಕ್ಕ ನೋಡುವ ರೈಟರಿಗೆ ಮೊದಲೇ ಹೇಳಿ ಕೊಯ್ಲು ಇಲ್ಲದ ತಿಂಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಳನ್ನು ಬಟವಾಡೆ ಕಡಿಯದೆ ಕಳಿಸಿಕೊಡುವ ತೋಟದ ಮಾಲೀಕ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದಂತೆ.

ಮೊದಲ ಬಾರಿ ಎಎ ಸಭೆಗೆ ಹೋಗುವವನಿಗೆ ಏನು ಕೇಳುತ್ತಾರೋ ಎಂಬ ಅಂಜಿಕೆ ಇರುತ್ತದೆ. ಕೇಳುವುದು ಬಹಳ ಕಡಿಮೆ. ಅರ್ಜಿ ಇಲ್ಲ, ಶುಲ್ಕ ಇಲ್ಲ. ಸಭೆ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಆ ದಿನದ ನಿರ್ವಾಹಕ ಪೀಠಿಕೆ ಓದುತ್ತಾನೆ. ಒಬ್ಬೊಬ್ಬರಾಗಿ ಮೊದಲ ಹೆಸರನ್ನಷ್ಟೇ ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿ, ತನಗೆ ಆದದ್ದನ್ನು ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಹೊಸಬ ಮಾತಾಡಲೇಬೇಕೆಂದಿಲ್ಲ, ‘ನಾನು ಕೇಳಲು ಬಂದಿದ್ದೇನೆ’ ಎಂದರೆ ಸಾಕು. ಚೀಲ ಸುತ್ತು ಬಂದಾಗ ಇದ್ದವರು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ, ಹೊಸಬರಿಂದ ನಿರೀಕ್ಷೆಯಿಲ್ಲ. ಚಿಕ್ಕ ಪ್ರಾರ್ಥನೆಯೊಂದಿಗೆ ಸಭೆ ಮುಗಿಯುತ್ತದೆ. ಕೆಲವು ಸಭೆಗಳು ಯಾರು ಬೇಕಾದರೂ ಬರಬಹುದಾದ ತೆರೆದ ಸಭೆಗಳು, ಕೆಲವು ವ್ಯಸನಿಗಳಿಗೆ ಮಾತ್ರ. ಮನೆಯವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ವಿಚಾರಿಸಬೇಕು. ಅಸಲಿ ಸಭೆ ಶುರುವಾಗುವುದು ಚಹಾದ ಹೊತ್ತಿನಲ್ಲಿ ಎಂದು ಹಳಬರು ತಮಾಷೆ ಮಾಡುತ್ತಾರೆ. ಫೋನ್ ನಂಬರ್ ಬರೆದುಕೊಡುವುದು, ‘ಕುಡಿಯಬೇಕೆನಿಸಿದರೆ ಮೊದಲು ನನಗೆ ಫೋನ್ ಮಾಡು’ ಎನ್ನುವುದು ಆಗಲೇ. ಮುಂದೆ ಹೊಸಬ ತನಗೆ ಹಿಡಿಸಿದ ಹಳಬನೊಬ್ಬನನ್ನು ಮಾರ್ಗದರ್ಶಿಯಾಗಿ ಆರಿಸಿಕೊಳ್ಳುತ್ತಾನೆ. ಅವರ ಭಾಷೆಯಲ್ಲಿ ಅವನು ಸ್ಪಾನ್ಸರ್.

ನವಜೀವನ ಸಮಿತಿಯ ಸಭೆ ಇಷ್ಟು ಕಟ್ಟುನಿಟ್ಟಿನದಲ್ಲ. ಪ್ರಾರ್ಥನೆ ಅಥವಾ ಭಜನೆಯಿಂದ ತೊಡಗುತ್ತದೆ. ಮಾತು ಕುಡಿತದಿಂದ ಸಾಲಕ್ಕೆ, ಸಾಲದಿಂದ ಮಗಳ ಮದುವೆಗೆ, ಕಾಳುಮೆಣಸಿನ ದರಕ್ಕೆ ಹರಿಯುತ್ತದೆ. ಬುದ್ಧಿ ಹೇಳಬಾರದೆಂಬ ನಿಯಮವೂ ಇಲ್ಲ. ಎಎಯ ಶಿಸ್ತಿಗೆ ಒಗ್ಗಿದವರಿಗೆ ಇದು ಅಡ್ಡಾದಿಡ್ಡಿ ಎನಿಸಬಹುದು. ಆದರೆ ಕುಡಿತ ಬಿಟ್ಟವನಿಗೆ ಬೇಕಾದ ಕೆಲಸ, ಸಾಲ, ಊರಿನ ಮರ್ಯಾದೆ ಮೂರೂ ಆ ಮಾತುಗಳಲ್ಲೇ ತೀರ್ಮಾನವಾಗುತ್ತವೆ. ಸದಸ್ಯ ಸ್ವಸಹಾಯ ಸಂಘಕ್ಕೆ ಸೇರಿ ಉಳಿತಾಯ ಮಾಡತೊಡಗುತ್ತಾನೆ. ಬಟವಾಡೆಯ ಹಣಕ್ಕೆ ಸಂತೆಯ ದಿನ ಹೋಗಲು ಬೇರೊಂದು ಜಾಗ ಸಿಗುತ್ತದೆ. ಈ ಸಭೆಗಳ ಧಾರ್ಮಿಕ ಚೌಕಟ್ಟು ಕೆಲವರಿಗೆ ಆಸರೆ, ಕೆಲವರಿಗೆ ಅಡ್ಡಿ. ಬೇರೆ ಧರ್ಮದವರೂ ಶಿಬಿರಗಳಿಗೆ ಬರುತ್ತಾರೆ. ಹಾಗೆ ಬರಲು ಮನಸ್ಸೊಪ್ಪದವರಿಗೆ ಎಎ ಮತ್ತು ಆಸ್ಪತ್ರೆಯ ಗುಂಪುಗಳು ಇವೆ.

ಮನೆಯವರು, ಹೆಂಗಸರು

ಕುಡಿಯುವವನ ಹೆಂಡತಿ, ಮಕ್ಕಳಿಗೆಂದೇ 1951ರಲ್ಲಿ ಅಲ್-ಅನಾನ್ ಎಂಬ ಬಳಗ ಅಮೆರಿಕದಲ್ಲಿ ರೂಪುಗೊಂಡಿತು; ಭಾರತದ ನಗರಗಳಲ್ಲೂ ಅದರ ಸಭೆಗಳಿವೆ. ಅಲ್ಲಿ ಕಲಿಸುವ ಮುಖ್ಯ ಸಂಗತಿ: ಗಂಡನ ಕುಡಿತಕ್ಕೆ ಹೆಂಡತಿ ಕಾರಣಳಲ್ಲ, ಅದನ್ನು ನಿಲ್ಲಿಸುವ ಶಕ್ತಿಯೂ ಅವಳದಲ್ಲ. ಮಲೆನಾಡಿನ ಅತ್ತೆಯಂದಿರು ಇದನ್ನು ಒಪ್ಪುವುದು ಕಷ್ಟ. ಶಿಬಿರದ ಕ್ರಮ ಹೆಂಡತಿಯನ್ನು ದೂರವಿಡುವುದಿಲ್ಲ. ಗಂಡನನ್ನು ಶಿಬಿರಕ್ಕೆ ಸೇರಿಸುವವಳು ಸಾಮಾನ್ಯವಾಗಿ ಅವಳೇ. ಅವಳ ಮಹಿಳಾ ಸಂಘದ ಒತ್ತಡವೂ ಅದರ ಹಿಂದಿರುತ್ತದೆ. ಅವಳ ಕಣ್ಣೀರು ವೇದಿಕೆಯ ಮೇಲೆ ಮೆಚ್ಚುಗೆ ಪಡೆಯುತ್ತದೆ, ಅವಳು ತಿಂದ ಪೆಟ್ಟಿನ ಲೆಕ್ಕ ಬಹುಮಟ್ಟಿಗೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಗಂಡ ಬಿಟ್ಟ ಮೇಲೂ ಅವಳಿಗೆ ತನ್ನದೇ ಒಂದು ಸಭೆ ಬೇಕು ಎಂಬುದನ್ನು ಯೋಚಿಸಿದವರು ಕಡಿಮೆ.

ಸ್ವತಃ ಕುಡಿಯುವ ಹೆಂಗಸಿನ ಪ್ರಶ್ನೆ ಇನ್ನೂ ಕಠಿಣ. ತೋಟದ ಲೈನುಗಳಲ್ಲಿ ಮೈನೋವಿಗೆಂದು ರಾತ್ರಿ ಸ್ವಲ್ಪ ಕುಡಿಯುವ ಹೆಣ್ಣಾಳುಗಳಿರುವುದು ಎಲ್ಲರಿಗೂ ಗೊತ್ತು. ಗಂಡಸರಿಂದಲೇ ತುಂಬಿದ ಶಿಬಿರಕ್ಕೆ ಅವಳು ಎಂಟು ದಿನ ಹೋಗಿ ಮಲಗುವಂತಿಲ್ಲ. ಹಾರ ಹಾಕಿಸಿಕೊಳ್ಳಲು ವೇದಿಕೆ ಹತ್ತಿದರೆ ಅವಳಿಗೆ ಸಿಗುವುದು ಗೌರವವಲ್ಲ. ಹೆಸರು ಕೇಳದ ಎಎಯ ಕ್ರಮ ನಿಜವಾಗಿ ಬೇಕಿರುವುದು ಅವಳಿಗೆ. ದೊಡ್ಡ ನಗರಗಳಲ್ಲಿ ಹೆಂಗಸರಿಗೆಂದೇ ಎಎ ಸಭೆಗಳಿವೆ, ಫೋನಿನಲ್ಲೂ ಸೇರಬಹುದು. ಹಳ್ಳಿಯ ಹೆಣ್ಣಿಗೆ ಮೊದಲ ಬಾಗಿಲು ಬಹುಶಃ ಆಶಾ ಕಾರ್ಯಕರ್ತೆ ಅಥವಾ ಆಸ್ಪತ್ರೆಯ ನರ್ಸ್.

ಫಲ

ಸಭೆಗಳಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಬಹುಕಾಲ ನಂಬಿಕೆಯ ಉತ್ತರ ಮಾತ್ರ ಇತ್ತು. 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಒಳಗೊಂಡಿತ್ತು. ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಸತತವಾಗಿ ಕುಡಿಯದೆ ಉಳಿದವರ ಪ್ರಮಾಣ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚೆಂದು ಅದು ಹೇಳಿತು. ಈ ಅಧ್ಯಯನಗಳು ಬಹುತೇಕ ಅಮೆರಿಕದವು. ಶಿಬಿರ ಮತ್ತು ಸಮಿತಿಯ ಕ್ರಮಕ್ಕೆ ಅವನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಎರಡಕ್ಕೂ ಸಮಾನವಾದದ್ದು ಇಷ್ಟು: ಕುಡಿಯುವ ಗೆಳೆಯರ ಬಳಗದ ಜಾಗದಲ್ಲಿ ಕುಡಿಯದ ಗೆಳೆಯರ ಬಳಗ ಬರುತ್ತದೆ. ಸಭೆಗಳು ಹೇಗೆ ಕೆಲಸ ಮಾಡುತ್ತವೆಂದು ಹುಡುಕಿದ ಸಂಶೋಧಕರು ಮತ್ತೆ ಮತ್ತೆ ಕಂಡ ಕಾರಣಗಳಲ್ಲಿ ಇದು ಒಂದು.

ಕೊರತೆ ಇರುವುದು ಮುಟ್ಟುವುದರಲ್ಲಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. 10ರಿಂದ 75 ವರ್ಷದವರಲ್ಲಿ ಶೇ. 2.7ರಷ್ಟು ಮಂದಿ ಅದಕ್ಕೆ ಅಂಟಿಕೊಂಡವರು. ಅಂಥ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಕಾಫಿ ತೋಟಗಳಲ್ಲಿ ಈ ಕೊರತೆಗೆ ಈಚೆಗೆ ಇನ್ನೊಂದು ಮುಖ ಸೇರಿದೆ. ಊರಿನ ಆಳುಗಳು ಕಡಿಮೆಯಾದಂತೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನ ಕಡೆಯ ಕುಟುಂಬಗಳು ಲೈನುಗಳಿಗೆ ಬಂದಿವೆ. ಅವರಲ್ಲಿ ಕುಡಿತಕ್ಕೆ ಬಿದ್ದವನಿಗೆ ಕನ್ನಡದ ಭಜನೆ, ಕನ್ನಡದ ಗುಂಪುಚರ್ಚೆ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಕೊಯ್ಲು ಮುಗಿದು ಬೇರೆ ತೋಟಕ್ಕೆ ಹೋದರೆ ಅವನಿಗೆ ಸಾಕ್ಷಿಯಾಗುವ ಊರೂ ಇಲ್ಲ. ಹಿಂದಿಯ ಆನ್‌ಲೈನ್ ಎಎ ಸಭೆಗಳೂ 20 ಭಾಷೆಗಳಲ್ಲಿ ಉತ್ತರಿಸುವ ಟೆಲಿ ಮಾನಸ್ ಸಹಾಯವಾಣಿಯೂ ಸದ್ಯಕ್ಕೆ ಅವನ ಕೈಗೆಟಕುವ ಏರ್ಪಾಡುಗಳು. ಅವನ ಮೊಬೈಲಿನಲ್ಲಿ ಆ ಸಂಖ್ಯೆಯನ್ನು ಹಾಕಿಕೊಡುವ ಕೆಲಸ ಸಾಮಾನ್ಯವಾಗಿ ತೋಟದ ರೈಟರ್ ಇಲ್ಲವೇ ಮೇಸ್ತ್ರಿಯ ಪಾಲಿಗೆ ಬರುತ್ತದೆ.